ಮಗ್ಗದ ಸದ್ದಿನೊಳಗೆ ಗುಬ್ಬಿ ಹೇಳಿದ್ದು

ಹೋದ ತಿಂಗಳು ನನ್ನ ತಮ್ಮನ ಹೊಸ ಮನೆಯ ವಾಸ್ತುಶಾಂತಿಗೆಂದು ಇಚಲಕರಂಜಿಗೆ ಹೋಗಿದ್ದೆವಲ್ಲ, ಅಂದು ಬಸ್ಸಿನಿಂದ ಇಳಿಯುತ್ತಲೇ ನೀವಿಬ್ಬರೂ ಮೂಗು ಹಿಡಿದುಕೊಂಡಿರಿ. "ಆಯೀ, ಯಾರೋ ಅನ್ನಾ ಹಳಸಿ ಇಟ್ಟಾರ" ಎಂದ ಸಿದ್ದು. ಅಕ್ಷತಾ ನಕ್ಕಳು. ನಾನು ಮಾತ್ರ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. "ಅತ್ತಿ, ತಲಿ ತಿರಗಾಕತ್ತೈತೇನ್ರಿ?" ಎಂದು ನಿಮ್ಮ ಅವ್ವ ನೀರು ಕೊಟ್ಟಳು. ತಲೆ ತಿರುಗಿರಲಿಲ್ಲ. ಅದು ಹಳಸಿದ ಅನ್ನದ ವಾಸನೆಯೂ ಅಲ್ಲ. ನೇಯುವ ಮೊದಲು ನೂಲಿಗೆ ಹಾಕುವ ಗಂಜಿಯದು. ಮಳೆಗಾಲದಲ್ಲಿ ಅದು ಮೇಲಕ್ಕೆ ಏರದೆ ಓಣಿಯಲ್ಲೇ ಕೂತಿರುತ್ತದೆ. ಆ ವಾಸನೆ ಬಂದರೆ ನನಗೆ ಒಬ್ಬ ಹುಡುಗಿಯ ತಲೆಗೂದಲು ನೆನಪಾಗುತ್ತದೆ. ಅದಕ್ಕೇ ನಿಂತೆ.

ಮರಳಿ ಬರುವಾಗ ಅಕ್ಷತಾ ಬಸ್ಸಿನಲ್ಲಿ ಎರಡು ಸಲ ಕೇಳಿದಳು, ಯಾಕೆ ಸುಮ್ಮನಾದೆ ಎಂದು. ಬಾಯಿಂದ ಹೇಳುವ ಜಾತಿ ನನ್ನದಲ್ಲ. ನಾಲ್ಕು ಜನರ ಮುಂದೆ ನನ್ನ ಹೆಸರು ಹೇಳಬೇಕಾದರೂ ಸೆರಗು ಹುಡುಕುತ್ತೇನೆ. ನೀವು ಮರಾಠಿ ಶಾಲೆಯವರಾದರೂ ಕನ್ನಡ ಓದಲು ನಾನೇ ಕಲಿಸಿದ್ದೇನೆ. ಅದರಿಂದ ಬರೆದಿಡುತ್ತೇನೆ. ಈಗಲೇ ಬೇಡ, ಸ್ವಲ್ಪ ದೊಡ್ಡವರಾದ ಮೇಲೆ ಓದಿ.

ನಿಮ್ಮ ಅಜ್ಜ ತೀರಿಕೊಂಡ ವರ್ಷ ಅದು. ನಿಮ್ಮ ಅಪ್ಪನಿಗೆ ಆಗಷ್ಟೇ ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ಕೆಲಸ ಹತ್ತಿತ್ತು. ಬೇರೆ ಹುಡುಗರ ಜೊತೆ ಒಂದೇ ಖೋಲಿಯಲ್ಲಿ ಇದ್ದ, ನನ್ನನ್ನು ಎಲ್ಲಿ ಇರಿಸಿಕೊಳ್ಳಬೇಕು? ಗಡಹಿಂಗ್ಲಜದ ಮನೆಯಲ್ಲಿ ನಾನು ಊಟ ಬಿಟ್ಟಿದ್ದು ನೋಡಿ ತಮ್ಮ ತನ್ನೂರಿಗೆ ಕರೆದುಕೊಂಡು ಹೋದ. ಅವನ ಓಣಿಯಲ್ಲೇ ಒಂದು ಖೋಲಿ ಹಿಡಿದುಕೊಟ್ಟು, ಪರಿಚಯದ ಶೇಠರ ಮಗ್ಗದ ಶೆಡ್ಡಿನಲ್ಲಿ ಕಾಂಡಿ ಸುತ್ತುವ ಕೆಲಸಕ್ಕೆ ಹಚ್ಚಿದ. ಲಾಳಿಯೊಳಗೆ ಕೂಡಿಸುವ ಸಣ್ಣ ಕೋಲಿಗೆ ಮಷಿನಿನ ಮೇಲೆ ನೂಲು ಸುತ್ತುವುದು, ಅಷ್ಟೇ ಕೆಲಸ. ಕೈ ಓಡಬೇಕು, ಕಣ್ಣು ಓಡಬೇಕು. ಮನಸ್ಸು ಎಲ್ಲಿ ಬೇಕಾದರೂ ಇರಬಹುದು.

ಮೃಗಶಿರ ಮಳೆ ಹಿಡಿದಿತ್ತು. ಮೇಲೆ ತಗಡಿನ ಮೇಲೆ ಮಳೆ, ಕೆಳಗೆ ಸಾಲು ಸಾಲು ಮಗ್ಗ. ಆ ಸದ್ದನ್ನು ನಿಮಗೆ ಹೇಗೆ ಹೇಳಲಿ? ಪಕ್ಕದವರು ಕಿವಿಗೆ ಬಾಯಿ ಹಚ್ಚಿ ಒದರಿದರೂ ಕೇಳದು. ಮೊದಲ ವಾರ ರಾತ್ರಿ ಮಲಗಿದರೂ ತಲೆಯೊಳಗೆ ಮಗ್ಗ ಬಡಿಯುತ್ತಿತ್ತು. ಆದರೆ ಅಲ್ಲಿಯವರು ಯಾರೂ ಒದರುವುದಿಲ್ಲ. ತುಟಿಯಲ್ಲಿ ಮಾತಾಡುತ್ತಾರೆ, ಕನ್ನಡ ಮರಾಠಿ ಎರಡೂ. ದನಿ ಇಲ್ಲದೆ ಬಾಯಿ ಅಗಲಿಸಿ ಆಡಿಸಿದರೆ ಶೆಡ್ಡಿನ ಆ ತುದಿಯಲ್ಲಿ ನಿಂತವನಿಗೂ ತಿಳಿಯುತ್ತದೆ. ಚಹಾ ಬಂತು, ಎಳೆ ಹರಿಯಿತು, ನಿನ್ನ ಅತ್ತೆ ಹೇಗಿದ್ದಾಳೆ, ಎಲ್ಲ ಹೀಗೇ.

ನನಗೆ ಇದನ್ನು ಕಲಿಸಿದವಳು ಶಾಲನ್. ನನ್ನ ಎದುರಿನ ಮಷಿನಿನವಳು, ಮರಾಠಿ ಹೆಂಗಸು. ಅವಳ ಗಂಡ ಅದೇ ಶೆಡ್ಡಿನ ಕೊನೆಯ ಮಗ್ಗಗಳನ್ನು ನಡೆಸುತ್ತಿದ್ದ. ಗಡಹಿಂಗ್ಲಜದಲ್ಲಿ ತೌರು, ಅದರಿಂದ ನಮ್ಮ ಮಾತು ಬಾಯಿಗೆ ಬಂದಂತೆ ಆಡುತ್ತಿದ್ದಳು. "ಅಗ ಗಂಗಾಕ್ಕಾ, ಬಾಯಿ ತೆರದು ಮಾತಾಡ. ನೊಣಾ ಹೊಗೂದಿಲ್ಲ. ಈ ಸದ್ದಿಗೆ ಅವೂ ಸಾಂಗಲಿಗೆ ಓಡಿ ಹೋಗ್ಯಾವ" ಎಂದು ಚಹಾದ ಹೊತ್ತಿಗೆ ಬೈದಳು. ನಾನು ಸೆರಗು ಅಡ್ಡ ಹಿಡಿದು ನಕ್ಕೆ. ಗಂಡ ಸತ್ತ ಮೇಲೆ ಅದು ಮೊದಲ ನಗು. ದನಿ ಇಲ್ಲದ ಮಾತು ನನ್ನಂಥವಳಿಗೆ ಹೇಳಿ ಮಾಡಿಸಿದಂತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಆಡದಷ್ಟು ಮಾತನ್ನು ಆ ಶೆಡ್ಡಿನಲ್ಲಿ ಆಡಿದೆನೋ ಏನೋ.

ಅಲ್ಲಿಗೆ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಬರುತ್ತಿದ್ದಳು ಗುಬ್ಬಿ.

ಅದು ಅವಳ ಹೆಸರಲ್ಲ. ಹೆಸರು ಬರೆಯಬಾರದು, ಕಾಯ್ದೆಯೇ ಹಾಗಿದೆ. ಕಾಯ್ದೆ ಇಲ್ಲದಿದ್ದರೂ ನಾನು ಬರೆಯುತ್ತಿರಲಿಲ್ಲ. ಎಂಟೊಂಬತ್ತು ವರ್ಷದ ಹುಡುಗಿ. ತಾಯಿ ಸತ್ತಿದ್ದಳು, ತಂದೆ ಲಾರಿಯ ಮೇಲೆ ಊರೂರು ತಿರುಗುವವನು. ಹುಡುಗಿಯನ್ನು ತನ್ನ ತಮ್ಮನ ಮನೆಯಲ್ಲಿ ಬಿಟ್ಟಿದ್ದ. ಆ ತಮ್ಮ, ಎಂದರೆ ಹುಡುಗಿಯ ಕಾಕಾ, ನಮ್ಮ ಶೆಡ್ಡಿನ ಜಾಬರ. ಕೆಟ್ಟ ಮಗ್ಗವನ್ನು ರಿಪೇರಿ ಮಾಡುವವನಿಗೆ ಅಲ್ಲಿ ಹಾಗೆನ್ನುತ್ತಾರೆ. ಜಾಬರ ಬಾರದಿದ್ದರೆ ಅರ್ಧ ಶೆಡ್ಡು ನಿಲ್ಲುತ್ತದೆ, ಆದ್ದರಿಂದ ಶೇಠರೂ ಅವನಿಗೆ ಬಹುವಚನದಲ್ಲೇ ಮಾತಾಡುತ್ತಿದ್ದರು. ಒಳ್ಳೆಯ ಬಟ್ಟೆ, ಹಣೆಗೆ ಗಂಧ, ಸೋಮವಾರ ಭಜನೆ. ಯಾರಿಗೂ ಅವನ ಮೇಲೆ ಒಂದು ಮಾತಿರಲಿಲ್ಲ.

ಗುಬ್ಬಿ ಬಂದವಳೇ ನನ್ನ ಮಷಿನಿನ ಪಕ್ಕದಲ್ಲಿ ನೂಲಿನ ಪೆಟ್ಟಿಗೆಯ ಮೇಲೆ ಕೂಡುತ್ತಿದ್ದಳು. ಮಳೆಯಲ್ಲಿ ತೊಯ್ದ ಕೂದಲನ್ನು ನಾನು ಒರೆಸಿ, ಬಾಚಿ, ಎರಡು ಜಡೆ ಹಾಕುತ್ತಿದ್ದೆ. ಮನೆಯಿಂದ ತಂದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಸುರುಳಿ ಮಾಡಿ ಕೊಟ್ಟರೆ ತುದಿಯಿಂದ ಸ್ವಲ್ಪ ಸ್ವಲ್ಪವೇ ಕಡಿದು ತಿನ್ನುತ್ತಿದ್ದಳು, ತೀರಬಾರದು ಎನ್ನುವ ಹಾಗೆ. ನೆಲದ ಮೇಲೆ ಕೂತ ಹತ್ತಿಯ ದೂಳಿನಲ್ಲಿ ಬೆರಳಿನಿಂದ ಕನ್ನಡದ ಅ, ಆ ಬರೆದು ತೋರಿಸಿದೆ. ನಾನು ಬರೆದದ್ದರ ಕೆಳಗೆ ಅವಳು ಬರೆಯುತ್ತಿದ್ದಳು. 'ಈ' ಬರೆಯುವಾಗ ಅವಳಿಗೆ ಯಾವಾಗಲೂ ನಗು. "ಮಾವಶಿ, ಇದು ಮುದಕಿ ಕುಂತಂಗ ಐತಿ" ಎನ್ನುತ್ತಿದ್ದಳು, ತುಟಿಯಲ್ಲೇ. ಚಿಕ್ಕಮ್ಮನನ್ನು ಕರೆಯುವಂತೆ ನನಗೆ ಮಾವಶಿ ಎನ್ನುವಳು.

ತುಟಿಯ ಮಾತನ್ನು ನನಗಿಂತ ಬೇಗ ಕಲಿತಿದ್ದಳು. ಶೆಡ್ಡಿನೊಳಗೆ ಬಾಯಿ ನಿಲ್ಲುತ್ತಿರಲಿಲ್ಲ. ಹೊರಗೆ ಕಾಲಿಟ್ಟರೆ ಮುಗಿಯಿತು, ಮುಚ್ಚಿದ ತುಟಿ ಮುಚ್ಚಿದಂತೆಯೇ. ಶಾಲೆಯಲ್ಲೂ ಹಾಗೆಯೇ ಎಂದು ಆಮೇಲೆ ಗೊತ್ತಾಯಿತು. ಅವಳ ದನಿ ಹೇಗಿದೆ ಎಂದು ನನಗೆ ಬಹಳ ದಿನ ಸರಿಯಾಗಿ ಗೊತ್ತೇ ಇರಲಿಲ್ಲ.

ರಾತ್ರಿ ಖೋಲಿಗೆ ಹೋಗಿ ಒಬ್ಬಳೇ ಉಣ್ಣುವಾಗ ನಾಳೆ ಅವಳಿಗೆ ಏನು ಒಯ್ಯಲಿ ಎಂದು ಯೋಚಿಸುತ್ತಿದ್ದೆ. ಒಂದು ದಿನ ಹುರಿದ ಕಡಲೆ, ಒಂದು ದಿನ ಬೆಲ್ಲದ ತುಂಡು. ನಿಮ್ಮ ಅಪ್ಪ ಚಿಕ್ಕವನಿದ್ದಾಗ ಹೀಗೆ ಯೋಚಿಸಿದ್ದೆ. ಆಮೇಲೆ ನೀವು ಹುಟ್ಟಿದಾಗ. ನಡುವೆ ಆ ಒಂದು ಮಳೆಗಾಲ ಅವಳಿಗಾಗಿ.

ಪಂಚಮಿಗೆ ಜಾಬರನ ಹೆಂಡತಿ ಹಡೆಯಲು ತೌರಿಗೆ ಹೋದಳು. ಅದರ ಮುಂದಿನ ವಾರದಿಂದ ಗುಬ್ಬಿ ಬೇರೆಯಾದಳು. ತಲೆ ಬಾಚುತ್ತೇನೆಂದರೆ ಕೈ ಸರಿಸುವಳು. ರೊಟ್ಟಿ ಕೈಯಲ್ಲೇ ಉಳಿಯುವುದು. ಪೆಟ್ಟಿಗೆ ಬಿಟ್ಟು ನನ್ನ ಮಷಿನಿನ ಹಿಂದೆ, ಗೋಡೆಗೆ ಒತ್ತಿಕೊಂಡು ಕೂಡಲು ಹತ್ತಿದಳು. ಜಾಬರ ಆ ಸಾಲಿಗೆ ಬಂದರೆ ಮೊಳಕಾಲಿನಲ್ಲಿ ಮುಖ ಇಡುವಳು. ಅವನು ಅವಳಿಗೆ ಹೊಸ ಫ್ರಾಕು ತಂದುಕೊಟ್ಟಿದ್ದ. "ಕಾಕಾ ಭಾಳ ಮಾಯಾ ಮಾಡ್ತಾನ ನೋಡ" ಎಂದಳು ಶಾಲನ್. ನನಗೂ ಮೊದಲು ಹಾಗೇ ಕಂಡಿತು. ಆದರೆ ಫ್ರಾಕು ಹಾಕಿಕೊಂಡ ಹುಡುಗಿ ಒಮ್ಮೆಯೂ ಅದನ್ನು ನೋಡಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ, ಶನಿವಾರದ ಅರ್ಧ ಶಾಲೆ, ಅವಳು ನನ್ನ ಸೆರಗು ಜಗ್ಗಿದಳು. ಬಗ್ಗಿ ನೋಡಿದೆ. ಎಲ್ಲ ಮಗ್ಗ ಓಡುತ್ತಿದ್ದವು. ಅವಳ ತುಟಿ ಆಡಿದವು. ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ, ಮಕ್ಕಳೇ. ಮನೆಯಲ್ಲಿ ರಾತ್ರಿ ಕಾಕಾ ಏನು ಮಾಡುತ್ತಾನೆಂದು ಹೇಳುತ್ತಿದ್ದಳು. ಅರ್ಧ ಹೇಳಿರಬೇಕು, ಕರೆಂಟು ಹೋಯಿತು. ಮಗ್ಗಗಳೆಲ್ಲ ಒಂದೇ ಸಲ ನಿಂತವು. ತಗಡಿನ ಮೇಲೆ ಬರೀ ಮಳೆ. ಅವಳು ಬಾಯಿ ಮುಚ್ಚಿದಳು. ನನ್ನ ಸೆರಗು ಬಿಡಲಿಲ್ಲ, ನನ್ನನ್ನು ನೋಡಲೂ ಇಲ್ಲ. ಯಾರೋ ಬೀಡಿ ಹಚ್ಚಿದರು, ಯಾರೋ ವಿದ್ಯುತ್ ಮಂಡಳಿಯವರ ತಾಯಿಯನ್ನು ನೆನೆದರು. ನಾನು ಅವಳ ಕೈ ಹಿಡಿದುಕೊಂಡು, ಕರೆಂಟು ಬರಲಿ ಎಂದೂ, ಬರದೇ ಇರಲಿ ಎಂದೂ ಬೇಡಿಕೊಂಡೆ. ಬಂತು. ಸದ್ದು ತುಂಬಿಕೊಂಡ ಮೇಲೆ ಉಳಿದದ್ದನ್ನು ಹೇಳಿ ಮುಗಿಸಿದಳು.

ಆ ಸಂಜೆ ಅವಳನ್ನು ಮನೆಗೆ ಬಿಡಲಿಲ್ಲ. ಜಾಬರನ ಬಳಿ ಹೋಗಿ, "ನನಗ ಮೈಯಾಗ ಆರಾಮಿಲ್ರಿ. ಹುಡಿಗಿ ಎರಡ ದಿವ್ಸ ನನ್ನ ಕೂಡ ಇರ್ಲಿ, ನೀರಡಿಕಿ ಆದ್ರ ನೀರ ಕೊಡಾಕ" ಎಂದೆ. ಗಂಡಸರ ಮುಂದೆ ನಾನು ಸುಳ್ಳು ಹೇಳಿದ್ದು ಅದೇ ಮೊದಲು. ಅವನು ಮಗ್ಗದ ಕೆಳಗಿನಿಂದ ನನ್ನನ್ನು ನೋಡಿ, "ಇರ್ಲಿ ಬಿಡ್ರಿ" ಎಂದ. ಆ ಎರಡು ರಾತ್ರಿ ಅವಳು ನನ್ನ ಹೊಟ್ಟೆಗೆ ಬೆನ್ನು ಹಚ್ಚಿ ಮಲಗಿದಳು. ಅವಳ ಕೂದಲಲ್ಲಿ ಗಂಜಿಯ ವಾಸನೆ. ಇಡೀ ಊರಿನ ಕೂದಲಲ್ಲಿ ಅದೇ ವಾಸನೆ ಇರುತ್ತದೆ, ಆದರೆ ನನಗೆ ಅದು ಅವಳದು.

ರವಿವಾರ ಶಾಲನ್ ಮನೆಗೆ ಹೋಗಿ ಹೇಳಿದೆ. ತಮ್ಮನಿಗೆ, ಗಂಡಸಿಗೆ, ಇಂಥ ಮಾತು ಹೇಗೆ ಹೇಳಲಿ? ಬೇರೆ ಯಾರಿದ್ದರು ನನಗೆ? ಅವಳು ಕೇಳಿದವಳೇ ಕೈಯಲ್ಲಿದ್ದ ಹಿಟ್ಟನ್ನು ನಾದುವ ಪರಾತಕ್ಕೆ ಬಡಿದಳು. "ಯಾರ ಮುಂದೂ ಆಡಬ್ಯಾಡ ಶಾಲನ್" ಎಂದೆ. "ಆಡೂದಿಲ್ಲ" ಎಂದಳು, ನಿಜವಾಗಿಯೇ ಎಂದಳು. ಆದರೆ ಸೋಮವಾರ ಮಗ್ಗ ಶುರುವಾದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಶೆಡ್ಡಿನ ಆ ತುದಿಯಲ್ಲಿದ್ದ ಗಂಡನಿಗೆ ತುಟಿಯಲ್ಲಿ ಹೇಳಿಬಿಟ್ಟಳು. ಮಗ್ಗದವರು ಮಾಡುವ ತಪ್ಪೇ ಇದು. ಸದ್ದು ಇದೆ, ಯಾರಿಗೂ ಕೇಳುವುದಿಲ್ಲ ಎಂದು ಹೊರಗಿನವರಂತೆ ನಂಬಿಬಿಡುತ್ತಾರೆ. ನಡುವಿನ ಸಾಲಿನಲ್ಲಿ ನಿಂತವರಿಗೆಲ್ಲ ಕಣ್ಣಿವೆ ಎಂಬುದು ಮರೆತುಹೋಗುತ್ತದೆ. ನಡುವಿನ ಸಾಲಿನಲ್ಲಿ ಅಂದು ಜಾಬರ ಒಂದು ಮಗ್ಗ ಬಿಚ್ಚಿಕೊಂಡು ಕೂತಿದ್ದ. ನಾನು ನೋಡುತ್ತಲೇ ಅವನು ತಲೆ ಎತ್ತಿದ. ಶಾಲನ್ ಬಾಯಿ ಮುಗಿಯುವವರೆಗೆ ನೋಡಿದ. ಆಮೇಲೆ ಹಳೆಯ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡು ಎದ್ದ.

ಮಧ್ಯಾಹ್ನ ನನ್ನ ಮಷಿನಿನ ಬಳಿ ಬಂದು, ದನಿ ತೆಗೆಯದೆ, ತುಟಿಯಲ್ಲೇ ಹೇಳಿದ: "ನಾಳಿ ಹುಡಿಗೀನ್ನ ಅವರಪ್ಪನ ಕಡೆ ಕಳಿಸ್ತೇನಿ. ಗುಜರಾತಕ್ಕ. ಲಾರಿ ಹೊಂಟೈತಿ." ನಕ್ಕ. ಹೋದ.

ನಾಳೆ ಅವಳು ಲಾರಿ ಹತ್ತಿದರೆ ಮುಗಿಯಿತು. ಅವಳಪ್ಪನ ಬಳಿ ಹೋಗುತ್ತಾಳೋ, ಇನ್ನೆಲ್ಲಿಗೋ, ಯಾರಿಗೆ ಗೊತ್ತು? ಚಹಾದ ಹೊತ್ತಿಗೆ ಶೇಠರ ಬಳಿ ಹೋದೆ. ಅವರು ಕೆಟ್ಟವರಲ್ಲ, ಸಂಜೆಯಾದರೆ ಇರುವೆಗೆ ಸಕ್ಕರೆ ಹಾಕುವವರು. ಕೇಳಿ ಮುಖ ಇಳಿಬಿಟ್ಟರು. "ಗಂಗವ್ವಾ, ಖಾತ್ರಿ ಐತೇನು? ಸಣ್ಣ ಹುಡಿಗಿ, ಏನರೆ ಕನಸ ಬಿದ್ದಿರಬೇಕು. ಪೋಲೀಸರ ಭಾನಗಡಿ ಆದ್ರ ಶೆಡ್ಡಿಗೆ ಬೀಗ ಬೀಳತೈತಿ. ಇಷ್ಟ ಮಂದಿ ಹೊಟ್ಟಿ ಐತಿ."

ಖಾತ್ರಿ ಐತೇನು? ಅದೇ ನನ್ನನ್ನೂ ತಿನ್ನುತ್ತಿತ್ತು. ನಾನು ಕಿವಿಯಿಂದ ಕೇಳಿರಲಿಲ್ಲ. ಕಣ್ಣಿನಿಂದ ಅವನು ಮಾಡಿದ್ದನ್ನು ನೋಡಿರಲಿಲ್ಲ. ಒಂದು ಮಗುವಿನ ತುಟಿ ಆಡಿದ್ದನ್ನು ನೋಡಿದ್ದೆ. ಅದನ್ನು ಹಿಡಿದುಕೊಂಡು ಗಂಧ ಹಚ್ಚಿದ ಗಂಡಸಿನ ಮೇಲೆ ಅಂಥ ಮಾತು ಹೊರಿಸಬಹುದೇ? ಸುಳ್ಳಾದರೆ ಅವನ ಹೆಂಡತಿ ಮಕ್ಕಳ ಗತಿ ಏನು?

ಗುಬ್ಬಿ ಆಗ ಶಾಲೆಯಲ್ಲಿದ್ದಳು. ಮಷಿನು ನಿಲ್ಲಿಸಿ ಹೊರಟೆ. ಶಾಲನ್ ಅಳುತ್ತ ಹಿಂದೆ ಓಡಿ ಬಂದಳು. "ನನ್ನ ನಾಲಿಗಿಗೆ ಬೆಂಕಿ ಹಚ್ಚಲಿ ಗಂಗಾಕ್ಕಾ, ನಾನೂ ಬರ್ತೇನಿ." ಛತ್ರಿ ಕೂಡ ತರದೆ ಇಬ್ಬರೂ ತೊಯ್ದುಕೊಂಡೇ ಹೋದೆವು.

ಅವಳ ಟೀಚರ್ ಜತ್ತದ ಕಡೆಯವರು, ಸಣ್ಣ ವಯಸ್ಸು, ಕನ್ನಡ ಬರುತ್ತಿತ್ತು. ನನ್ನ ಮಾತು ಕೇಳುತ್ತ ಕೇಳುತ್ತ ಅವರ ಕೈಯಲ್ಲಿದ್ದ ಬೋರ್ಡಿಗೆ ಬರೆಯುವ ಖಡು ಮುರಿಯಿತು. "ನನಗೂ ಏನೋ ಅನ್ನಸಾಕತ್ತಿತ್ತು" ಎಂದರು ಮೆಲ್ಲಗೆ. ನಾನು ಶೇಠರ ಮಾತನ್ನೇ ಹೇಳಿದೆ, ಖಾತ್ರಿ ಇಲ್ಲ ಎಂದು.

"ಖಾತ್ರಿ ಮಾಡೂದು ನಮ್ಮ ಕೆಲಸ ಅಲ್ರಿ ಮಾವಶಿ" ಎಂದರು. "ಸಂಶೇ ಬಂದ್ರ ಸಾಕು, ತಿಳಿಸಬೇಕು. ಹಂಗಂತ ಹೊಸಾ ಕಾಯ್ದೆ ಐತಿ. ನಿಮಗೂ ಐತಿ, ನನಗೂ ಐತಿ. ಗೊತ್ತಿದ್ದು ಗಪ್ಪ ಕುಂತ್ರ ಅದ ಗುನ್ನೆ. ಖರೇ ಏನು ಸುಳ್ಳ ಏನು, ಅದಕ್ಕ ತಿಳದವರು ಅದಾರ, ಅವರು ನೋಡ್ತಾರ."

"ಹೆಡ್ ಸರ್‍ಗೆ ಕೇಳಬೇಕೇನ್ರಿ?" ಎಂದಳು ಶಾಲನ್.

"ಕೇಳಬೇಕು. ಕೇಳಿದ್ರ ಅವರು ಸಂಜಿತನಾ ವಿಚಾರ ಮಾಡ್ತಾರ." ಮಕ್ಕಳ ಸಹಾಯವಾಣಿಯ ನಂಬರು ಶಾಲೆಯ ಗೋಡೆಗೇ ಬರೆದಿತ್ತು. ಅದನ್ನು ನೋಡಿ ಒತ್ತಿದರು. ಹೊಸ ನೌಕರಿಯ ಹುಡುಗಿ, ಮೇಲಿನವರನ್ನು ಕೇಳದೆ ಫೋನು ಮಾಡಿದ್ದು ಸಣ್ಣ ಮಾತಲ್ಲ.

ಶಾಲೆ ಬಿಡುವ ಮೊದಲೇ ಇಬ್ಬರು ಹೆಂಗಸರು ಬಂದರು. ಒಬ್ಬರು ಸಹಾಯವಾಣಿಯವರು, ಇನ್ನೊಬ್ಬರು ಪೋಲೀಸರಂತೆ, ಆದರೆ ಮೈಮೇಲೆ ಸಾದಾ ಸೀರೆ. ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ಕೂಡಿಸಿ ಕೇಳಿದರು. ನನ್ನ ಹೆಸರು ಹೇಳಲು ನಾಚುವವಳು ನಾನು, ಆ ಮಾತುಗಳನ್ನೆಲ್ಲ ಹೇಳಿದೆ, ಅವಳು ಹೇಳಿದ್ದನ್ನು ಹೇಳಿದ ಹಾಗೆ. ಹೆಚ್ಚಿಲ್ಲ, ಕಡಿಮೆ ಇಲ್ಲ. ನಡುವೆ ಅವರೇ ನೀರು ಕೊಟ್ಟರು. ಆಮೇಲೆ ಗುಬ್ಬಿಯ ಜೊತೆ ಅವರು ಬಹಳ ಹೊತ್ತು ಕೂತರು. ಅವಳು ಹೊರಗೆ ಬಂದಾಗ ಬಾಗಿಲಲ್ಲಿ ನಾನು ನಿಂತಿದ್ದೆ.

"ಮಾವಶಿ, ನೀ ಎಲ್ಲಾರಿಗೂ ಹೇಳಿದಿ?" ಎಂದಳು. ದನಿ ತೆಗೆದು ಕೇಳಿದಳು. ಸ್ವಲ್ಪ ಒಡಕು ದನಿ, ನಾನು ಅಂದುಕೊಂಡದ್ದಕ್ಕಿಂತ ದಪ್ಪ.

"ಹ್ಞೂಂ ಬಾಳಾ."

"ನಾ ನಿನಗಷ್ಟ ಹೇಳಿದ್ನಿ."

ನನ್ನ ಕೈ ಹಿಡಿಯಲಿಲ್ಲ. ಆ ಹೆಂಗಸರ ನಡುವೆ ನಡೆದುಹೋಗಿ ಗಾಡಿಯಲ್ಲಿ ಕೂತಳು. ತಿರುಗಿ ನೋಡಲಿಲ್ಲ. ಶಾಲನ್ ನನ್ನ ಬೆನ್ನ ಮೇಲೆ ಕೈ ಇಟ್ಟಳು.

ಜಾಬರನನ್ನು ಆ ಸಂಜೆಯೇ ಹಿಡಿದರು. ಮುಂದೆ ಕೋರ್ಟಿನಲ್ಲಿ ಅವನಿಗೆ ಶಿಕ್ಷೆಯಾಯಿತು. ಅದರ ಕತೆ ನಿಮಗೆ ಬೇಡ. ಶೇಠರ ಶೆಡ್ಡಿಗೆ ಬೀಗ ಬೀಳಲಿಲ್ಲ. ಬೇರೆ ಜಾಬರ ಬಂದ. ಆದರೆ ಬಹಳ ದಿನ ನನ್ನತ್ತ ಯಾರೂ ತುಟಿ ಆಡಿಸಲಿಲ್ಲ. ನಾನು ನೋಡಿದರೆ ಮುಖ ತಿರುಗಿಸಿ ಮಾತಾಡಿಕೊಳ್ಳುತ್ತಿದ್ದರು. ಶಾಲನ್ ಒಬ್ಬಳೇ ಬಿಡದೆ ಹರಟುತ್ತಿದ್ದಳು, ಎಲ್ಲರ ಪಾಲಿನದನ್ನೂ ಸೇರಿಸಿ. ಪೆಟ್ಟಿಗೆ ಖಾಲಿ ಇತ್ತು. ಅದರ ಮೇಲೆ ನಾನು ಕಾಂಡಿಯ ಬುಟ್ಟಿ ಇಡಲಿಲ್ಲ, ಬೇರೆ ಯಾರಾದರೂ ಇಟ್ಟರೆ ತೆಗೆದಿಡುತ್ತಿದ್ದೆ.

ಕೆಲವು ದಿನಗಳ ಮೇಲೆ ಕೊಲ್ಹಾಪುರಕ್ಕೆ ಬರಬೇಕೆಂದು ಕರೆ ಬಂತು. ಅಂಥ ಮಕ್ಕಳನ್ನು ಎಲ್ಲಿ ಇಡಬೇಕೆಂದು ನೋಡುವ ಸಮಿತಿ ಅಲ್ಲಿದೆ. ಬಸ್ಸಿನಲ್ಲಿ ಹೋಗುವಾಗ ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡೆ: "ಸಾಹೇಬ್ರ, ನನಗ ಕೊಡ್ರಿ, ನಾ ಸಾಕ್ತೇನಿ." ಗಡಹಿಂಗ್ಲಜದ ಮನೆ ಇದೆ, ಇಬ್ಬರಿಗೆ ಸಾಲುವಷ್ಟು ಕೈಯಲ್ಲಿ ಕೆಲಸ ಇದೆ, ನಿಮ್ಮ ಅಪ್ಪನಿಗೆ ಒಬ್ಬ ತಂಗಿ ಆಗುತ್ತಾಳೆ. ಯಾವ ಮೂಲೆಯಲ್ಲಿ ಅವಳ ಪಾಟಿಚೀಲ ತೂಗುಹಾಕಬೇಕು ಎಂಬುದನ್ನೂ ಯೋಚಿಸಿಯಾಗಿತ್ತು.

ಅಲ್ಲಿ ಪಡಸಾಲೆಯ ಬೆಂಚಿನ ಮೇಲೆ ಗುಬ್ಬಿ ಕೂತಿದ್ದಳು. ನಾನೂ ಅದೇ ಬೆಂಚಿನ ತುದಿಗೆ ಕೂತೆ. ಸ್ವಲ್ಪ ಹೊತ್ತಿಗೆ ಸರಿದು ಸರಿದು ಹತ್ತಿರ ಬಂದು, ನನಗೆ ಬೆನ್ನು ಮಾಡಿ ಕೂತಳು. ಜಡೆ ಬಿಚ್ಚಿತ್ತು. ನನ್ನ ಚೀಲದಲ್ಲಿ ಬಾಚಣಿಗೆ ಇತ್ತು. ಬಾಚಿದೆ. ಎಷ್ಟು ನಿಧಾನ ಬಾಚಿದೆನೆಂದರೆ ಸಿಕ್ಕೆಲ್ಲ ಬಿಡಿಸಿದ ಮೇಲೂ ಬಾಚುತ್ತಲೇ ಇದ್ದೆ.

ಅವಳಪ್ಪ ಬಂದಿರಲಿಲ್ಲ. ಆಗ ಬಂದಳು ಅವಳ ತಾಯಿಯ ತಾಯಿ. ಆಜರಾದ ಆಚೆಯ ಹಳ್ಳಿ. ಸೀರೆಯ ಕಚ್ಚೆಗೆ ಗದ್ದೆಯ ಕೆಸರು ಇನ್ನೂ ಹಾಗೇ ಇತ್ತು, ನಾಟಿ ಬಿಟ್ಟು ಬಂದಿದ್ದಳು. ಬಾಗಿಲಲ್ಲಿ ಅವಳನ್ನು ಕಂಡದ್ದೇ ಗುಬ್ಬಿ ನನ್ನ ಕೈಯಿಂದ ಜಡೆ ಕಿತ್ತುಕೊಂಡು ಓಡಿದಳು. ಆ ಮುದುಕಿ ನೆಲದ ಮೇಲೆ ಕುಕ್ಕರಿಸಿ ಅವಳನ್ನು ಮಡಿಲಿಗೆ ತುಂಬಿಕೊಂಡು ಅತ್ತಳು. ಒಳಗೆ ಕರೆದಾಗ ಸಮಿತಿಯ ಮೇಡಮ್ ಅವರು ನನ್ನನ್ನೂ ಕೇಳಿದರು, ಏನಾದರೂ ಹೇಳುವುದಿದೆಯೇ ಎಂದು. ಹುಡುಗಿ ಅಜ್ಜಿಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. "ಏನೂ ಇಲ್ರಿ. ಆಕೀನ್ನ ಅಜ್ಜೀ ಕಡೇನ ಕೊಡ್ರಿ" ಎಂದೆ.

ಹೊರಗೆ ಆ ಮುದುಕಿ ನನ್ನ ಕಾಲು ಮುಟ್ಟಲು ಬಗ್ಗಿದಳು. ಹಿಡಿದು ಎತ್ತಿದೆ. ಅವಳು ಮರಾಠಿಯಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. "ನನ್ನ ಮೊಮ್ಮಗಳನ್ನ ಉಳಿಸಿದಿ ತಂಗೀ. ಸಾಯೂತನಾ ಮರಿಯೂದಿಲ್ಲ. ಆದ್ರ ಒಂದ ಬೇಡ್ಕೋತೇನಿ, ಸಿಟ್ಟಿಗೇಳಬ್ಯಾಡ. ನಮ್ಮೂರಿಗೆ ಬರಬ್ಯಾಡ. ನಿನ್ನ ಮಾರಿ ನೋಡಿದ್ರ ಆಕಿಗೆ ಆ ಮನಿ ನೆನಪಾಕ್ಕೈತಿ. ಊರ ಮಂದೀನೂ ಕೇಳ್ತಾರ, ಈಕಿ ಯಾರು, ಎಲ್ಲೀ ಗುರ್ತಂತ. ನಾ ಏನಂತ ಹೇಳ್ಲಿ?"

"ಬರೂದಿಲ್ಲಬೇ" ಎಂದೆ.

ಗುಬ್ಬಿ ಹೋಗುವಾಗ ಕೈ ಬೀಸಿದಳು. ನಾಳೆ ಮತ್ತೆ ಸಿಗುವವರಿಗೆ ಬೀಸುವ ಹಾಗೆ.

ದಸರೆಗೆ ಮೊದಲು ನಾನು ಇಚಲಕರಂಜಿ ಬಿಟ್ಟೆ. ಮುಂದಿನ ವರ್ಷ ನಿಮ್ಮ ಅವ್ವ ಮನೆ ತುಂಬಿದಳು, ಆಮೇಲೆ ನೀವು. ಆಜರಾಕ್ಕೆ ಹೋಗುವ ಬಸ್ಸುಗಳೆಲ್ಲ ನಮ್ಮ ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ನಿಲ್ಲುತ್ತವೆ. ಗೋಡಂಬಿಯ ಕಾಲ, ಹೊಸ ಅಕ್ಕಿಯ ಕಾಲ, ಯಾವ ಕಾಲಕ್ಕೂ ನಮ್ಮವರು ಯಾರಾದರೂ ಆ ಕಡೆ ಹೊರಡುತ್ತಾರೆ. "ನೀವೂ ಬರ್ರಿ" ಎನ್ನುತ್ತಾರೆ. ನನಗೆ ಆ ಘಾಟಿನ ರಸ್ತೆ ತ್ರಾಸು ಎಂದು ನೀವೆಲ್ಲ ನಂಬಿದ್ದೀರಿ.

ಅದಾಗಿ ಐದಾರು ವರ್ಷಗಳ ಮೇಲೆ ಒಂದು ರವಿವಾರ ನಮ್ಮೂರ ಸಂತೆಗೆ ಹೋಗಿದ್ದೆ, ಮನೆಗೆ ಮೆಣಸಿನಕಾಯಿ ತರಲು. ಮೊದಲು ಕಂಡದ್ದು ಆ ಮುದುಕಿ. ಬಹಳ ಬಗ್ಗಿದ್ದಳು. ಅವಳ ಪಕ್ಕದಲ್ಲಿ ಒಬ್ಬ ಎತ್ತರದ ಹುಡುಗಿ, ಬೆನ್ನು ನನ್ನ ಕಡೆ, ಒಂದೇ ದಪ್ಪ ಜಡೆ. ಅಂಗಡಿಯವನ ಜೊತೆ ಜಗಳಕ್ಕೆ ನಿಂತಿದ್ದಳು.

"ಮೊದಲ ತಕ್ಕಡೀ ಮ್ಯಾಲಿಂದ ಹೆಬ್ಬಟ್ಟ ತಗೀ ಅಣ್ಣಾ! ಮೆಣಸಿನಕಾಯಿ ತೂಗೂ ಅಂದ್ರ ನಿನ್ನ ಕೈ ತೂಗಾಕತ್ತಿಯಲ್ಲಾ. ನಿನ್ನ ಕೈ ನಮಗ ಏನ ಮಾಡೂದೈತಿ, ಚಟ್ನಿ ಆಗೂದಿಲ್ಲ ಅದು!" ಎಂದು ಮರಾಠಿಯಲ್ಲಿ ಸಂತೆಗೆಲ್ಲ ಕೇಳುವಂತೆ ಒದರಿದಳು. ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ಅಂಗಡಿಯವನೂ ನಕ್ಕ. ಅದೇ ಒಡಕು ದನಿ, ಈಗ ತುಂಬಿಕೊಂಡಿತ್ತು.

ನಾನು ಸೆರಗು ಮುಂದಕ್ಕೆ ಎಳೆದುಕೊಂಡು ಉಳ್ಳಾಗಡ್ಡಿ ಚೀಲಗಳ ಹಿಂದೆ ಸರಿದು ನಿಂತೆ. ಒಂದು ಕೂಗು ಹಾಕಿದ್ದರೆ ತಿರುಗುತ್ತಿದ್ದಳು. ಮುಖವನ್ನಾದರೂ ನೋಡಬಹುದಿತ್ತು. ಅವಳು ಚೀಲ ಹೆಗಲಿಗೇರಿಸಿ, ಅಜ್ಜಿಯ ಕೈ ಹಿಡಿದು, ಇನ್ನೊಂದು ಅಂಗಡಿಯವನ ಮೇಲೆ ದನಿ ಏರಿಸುತ್ತ ಮುಂದೆ ಹೋದಳು. ಅದು ಕೇಳಿಸದಾಗುವವರೆಗೆ ಅಲ್ಲೇ ನಿಂತೆ.

ಮನೆಗೆ ಬಂದಾಗ ನಿಮ್ಮ ಅವ್ವ ನನ್ನ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ಇಣುಕಿದಳು. "ಇದೇನ್ರಿ ಅತ್ತಿ, ಬರೇ ಚೀಲಾ ತಂದೀರಿ?"

"ಮರತ ಬಂದೆ ನೋಡವಾ" ಎಂದೆ.